ಒಪ್ಪಂದದ ನಮೂನೆ ಒಂದೇ ಆದರೂ ಖಾಸಗಿ ಬಂಡವಾಳ ಒಂದು ದೇಶದಲ್ಲಿ ನೆಲೆಯೂರುತ್ತದೆ, ಇನ್ನೊಂದರಲ್ಲಿ ಮುಳುಗುತ್ತದೆ: ಏಕೆ?

ಪ್ರಶ್ನೆ (ಅರ್ಥಶಾಸ್ತ್ರ ವಿದ್ಯಾರ್ಥಿನಿ, ಧಾರವಾಡ)

ಎಲ್ಲರಿಗೂ ನಮಸ್ಕಾರ. ಹೆದ್ದಾರಿ, ರೈಲು, ವಿಮಾನ ನಿಲ್ದಾಣಗಳಂಥ ಮೂಲಸೌಕರ್ಯಗಳಲ್ಲಿ ಸರ್ಕಾರ ಮತ್ತು ಖಾಸಗಿಯವರ ಸಹಭಾಗಿತ್ವದ ಕುರಿತು ನಾನು ಸ್ನಾತಕೋತ್ತರ ಪದವಿಯ ಕಿರುಪ್ರಬಂಧ ಬರೆಯುತ್ತಿದ್ದೇನೆ. ಓದುತ್ತಾ ಹೋದಂತೆ ಒಂದು ಹೋಲಿಕೆ ನನ್ನನ್ನು ಬಿಡದೆ ಕಾಡುತ್ತಿದೆ.

ಮೆಕ್ಸಿಕೊ 1989ರಲ್ಲಿ ಟೋಲ್ ಹೆದ್ದಾರಿಗಳ ದೊಡ್ಡ ಕಾರ್ಯಕ್ರಮ ಆರಂಭಿಸಿತು. ಎರಡೇ ವರ್ಷಗಳ ನಂತರ, 1991ರಲ್ಲಿ, ಚಿಲಿ ತನ್ನ ಕನ್ಸೆಷನ್ (ಮೂಲಸೌಕರ್ಯ ಗುತ್ತಿಗೆ) ಕಾನೂನು ತಂದಿತು. ಎರಡೂ ಸ್ಪ್ಯಾನಿಷ್ ಆಳ್ವಿಕೆಯ ಹಿನ್ನೆಲೆಯ ದೇಶಗಳು, ಎರಡರ ಕಾನೂನು ಪರಂಪರೆಯೂ ಒಂದೇ, ಖಾಸಗಿಯವರು ಕಟ್ಟಿ ಶುಲ್ಕ ವಸೂಲಿ ಮಾಡಿ ಕೊನೆಗೆ ಸರ್ಕಾರಕ್ಕೆ ಹಸ್ತಾಂತರಿಸುವ ಏರ್ಪಾಡೂ ಮೇಲುನೋಟಕ್ಕೆ ಒಂದೇ. ಆದರೆ 1997ರ ಹೊತ್ತಿಗೆ ಮೆಕ್ಸಿಕೊ ಸರ್ಕಾರ ಐವತ್ತಕ್ಕೂ ಹೆಚ್ಚು ಹೆದ್ದಾರಿ ಗುತ್ತಿಗೆಗಳಲ್ಲಿ 23ನ್ನು ತಾನೇ ವಹಿಸಿಕೊಂಡು, ಅವುಗಳ ಸಾಲದ ಹೊರೆಯನ್ನು ತೆರಿಗೆದಾರರ ಮೇಲೆ ಹಾಕಬೇಕಾಯಿತು. ಅದೇ ದಶಕದಲ್ಲಿ ಚಿಲಿ ಉತ್ತರದಿಂದ ದಕ್ಷಿಣಕ್ಕೆ ಹಾಯುವ ತನ್ನ ಮುಖ್ಯ ಹೆದ್ದಾರಿಯ ಉದ್ದಕ್ಕೂ ಖಾಸಗಿ ಹಣ ತರಿಸಿಕೊಂಡಿತು, ನಂತರ ಅಲ್ಲಿನ ಪಿಂಚಣಿ ನಿಧಿಗಳೇ ಆ ರಸ್ತೆಗಳ ಬಾಂಡ್‌ಗಳನ್ನು ಕೊಳ್ಳಲು ಮುಂದೆ ಬಂದವು.

ಇದಕ್ಕೆ ಕಾರಣ ‘ಸಾಂಸ್ಥಿಕ ವ್ಯತ್ಯಾಸ’ ಎಂದು ನನ್ನ ಮಾರ್ಗದರ್ಶಕರು ಹೇಳುತ್ತಾರೆ. ಆ ಮಾತನ್ನು ನಾನು ಒಪ್ಪುತ್ತೇನೆ, ಆದರೆ ಅದನ್ನು ಯಾವುದರಲ್ಲಿ ಹುಡುಕಬೇಕೆಂಬುದು ತಿಳಿಯುತ್ತಿಲ್ಲ. ಕಾನೂನು ಪಾಲನೆ, ಭ್ರಷ್ಟಾಚಾರ ಮುಂತಾದವುಗಳ ಅಂತರರಾಷ್ಟ್ರೀಯ ಸೂಚ್ಯಂಕಗಳನ್ನು ಕೋಷ್ಟಕಕ್ಕೆ ಹಾಕಿದರೆ ಪ್ರಬಂಧವೇನೋ ಮುಗಿಯುತ್ತದೆ, ನನಗೆ ಅರ್ಥವಾಗುವುದು ಮಾತ್ರ ಏನೂ ಇರುವುದಿಲ್ಲ. ಈ ಕ್ಷೇತ್ರದಲ್ಲಿ ಕೆಲಸ ಮಾಡಿದವರು ಯಾರಾದರೂ ಇದ್ದರೆ, ಹಣ ಹಾಕುವವನು ನಿಜವಾಗಿ ಏನನ್ನು ನೋಡುತ್ತಾನೆ ಎಂಬುದನ್ನು ದಯವಿಟ್ಟು ತಿಳಿಸಿ.

ಉತ್ತರ 1 (ನಿವೃತ್ತ ಬ್ಯಾಂಕ್ ಅಧಿಕಾರಿ, ಮೈಸೂರು)

ನಿಮ್ಮ ಪ್ರಶ್ನೆ ನನಗೆ ಬಹಳ ಹತ್ತಿರದ್ದು. ಒಂದು ಬ್ಯಾಂಕಿನ ಯೋಜನಾ ಸಾಲ ವಿಭಾಗದಲ್ಲಿ ಹಲವು ವರ್ಷ ಹೆದ್ದಾರಿ ಕಡತಗಳನ್ನು ಓದಿದ್ದೇನೆ. ಸೂಚ್ಯಂಕಗಳನ್ನು ಬದಿಗಿಟ್ಟ ನಿಮ್ಮ ನಿರ್ಧಾರ ಸರಿಯಾಗಿದೆ. ಸಾಲ ಕೊಡುವವನು ಕಡತ ತೆರೆದಾಗ ಮೊದಲು ಹುಡುಕುವುದು ಒಂದೇ ವಿಷಯ: ಅಂದಾಜು ಮಾಡಿದಷ್ಟು ವಾಹನಗಳು ಬಾರದೆ ಹೋದರೆ ನಷ್ಟ ಯಾರ ಪಾಲಿಗೆ ಬರುತ್ತದೆ, ಅದನ್ನು ತೀರ್ಮಾನಿಸುವವರು ಯಾರು?

ಮೆಕ್ಸಿಕೊದಲ್ಲಿ ಟೆಂಡರ್ ಗೆಲ್ಲಲು ಇದ್ದ ಮಾನದಂಡವೇ ತೊಂದರೆಯ ಮೂಲ. ಯಾರು ಅತಿ ಕಡಿಮೆ ವರ್ಷಗಳಲ್ಲಿ ರಸ್ತೆಯನ್ನು ಸರ್ಕಾರಕ್ಕೆ ಮರಳಿಸುತ್ತೇವೆ ಎನ್ನುತ್ತಾರೋ ಅವರಿಗೆ ಗುತ್ತಿಗೆ. ಅವಧಿ ಚಿಕ್ಕದಾದಷ್ಟೂ ಟೋಲ್ ದುಬಾರಿಯಾಗಲೇಬೇಕು. ದುಬಾರಿಯಾದಾಗ ಲಾರಿಗಳು ಪಕ್ಕದ ಹಳೆಯ, ಶುಲ್ಕವಿಲ್ಲದ ರಸ್ತೆಯನ್ನೇ ಹಿಡಿದವು. ಸಾಲ ಕೊಟ್ಟದ್ದು ಅಲ್ಲಿನ ದೇಶೀಯ ಬ್ಯಾಂಕುಗಳು. ಅವು ಆಗ ಸರ್ಕಾರದ ಕೈಯಲ್ಲಿದ್ದವು ಇಲ್ಲವೇ 1991–92ರಲ್ಲಿ ಆಗಷ್ಟೇ ಖಾಸಗಿಯವರ ಕೈಗೆ ಹೋಗಿದ್ದವು. ಹಾಗಾಗಿ ಅಂದಾಜುಗಳನ್ನು ಅನುಮಾನಿಸಿ ನೋಡುವ ಕಣ್ಣು ಅವುಗಳಿಗಿನ್ನೂ ಬಂದಿರಲಿಲ್ಲ. 1994ರ ಕೊನೆಯಲ್ಲಿ ಪೆಸೊ ಕುಸಿದು ಬಡ್ಡಿ ಗಗನಕ್ಕೇರಿದಾಗ ಎಲ್ಲವೂ ಒಟ್ಟಿಗೆ ಕುಸಿಯಿತು.

ಚಿಲಿಯಲ್ಲಿ ಆದದ್ದು ಬೇರೆ. ಸ್ಯಾಂಟಿಯಾಗೊದಿಂದ ವಾಲ್ಪರೈಸೊಗೆ ಹೋಗುವ 68ನೇ ಸಂಖ್ಯೆಯ ಹೆದ್ದಾರಿಯನ್ನು 1998ರಲ್ಲಿ ಗುತ್ತಿಗೆಗೆ ಕೊಡುವಾಗ ಅವರು ಅವಧಿಯನ್ನೇ ತೆರೆದಿಟ್ಟರು. ಬಿಡ್ ಮಾಡುವವರು ‘ನನಗೆ ಒಟ್ಟು ಇಷ್ಟು ಆದಾಯ, ಇಂದಿನ ಮೌಲ್ಯದ ಲೆಕ್ಕದಲ್ಲಿ (ಅಂದರೆ ಮುಂದೆ ಬರುವ ಹಣದಿಂದ ಬಡ್ಡಿಯ ಪಾಲು ಕಳೆದು), ಬಂದರೆ ಸಾಕು’ ಎಂದು ಹೇಳಬೇಕು. ಅತಿ ಕಡಿಮೆ ಮೊತ್ತ ಕೇಳಿದವರಿಗೆ ಗುತ್ತಿಗೆ. ಆ ಮೊತ್ತ ಕೈಸೇರಿದ ದಿನ ಗುತ್ತಿಗೆ ಮುಗಿಯುತ್ತದೆ. ವಾಹನಗಳು ಕಡಿಮೆಯಾದರೆ ಅವಧಿ ತಾನಾಗಿ ಉದ್ದವಾಗುತ್ತದೆ, ಹೆಚ್ಚಾದರೆ ಚಿಕ್ಕದಾಗುತ್ತದೆ. ಸಚಿವರ ಬಳಿಗೆ ಅರ್ಜಿ ಹಿಡಿದುಕೊಂಡು ಓಡುವ ಅಗತ್ಯ ಅಷ್ಟರಮಟ್ಟಿಗೆ ಕಡಿಮೆ.

ಇನ್ನೊಂದು ವ್ಯತ್ಯಾಸವನ್ನು ಅರ್ಥಶಾಸ್ತ್ರದವರು ಗಮನಿಸುತ್ತಾರೆ, ಆದರೆ ಅದಕ್ಕೆ ಸಲ್ಲಬೇಕಾದ ತೂಕ ಕೊಡುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಚಿಲಿಯಲ್ಲಿ 1967ರಿಂದಲೂ ಹಣದುಬ್ಬರಕ್ಕೆ ಹೊಂದಿಕೊಂಡು ಬದಲಾಗುವ ‘ಉನಿದಾದ್ ದೆ ಫೊಮೆಂತೊ’ ಎಂಬ ಲೆಕ್ಕದ ಮಾನವಿದೆ. ಮನೆ ಸಾಲ, ವಿಮೆ, ಬಾಂಡ್ ಎಲ್ಲವನ್ನೂ ಜನ ಅದರಲ್ಲೇ ಬರೆಯುತ್ತಾರೆ. ಜೊತೆಗೆ 1981ರಿಂದ ಪ್ರತಿ ಕಾರ್ಮಿಕನ ಸಂಬಳದ ಒಂದು ಭಾಗ ಪಿಂಚಣಿ ನಿಧಿಗಳಿಗೆ ಕಡ್ಡಾಯವಾಗಿ ಹೋಗುತ್ತಿದೆ. ಇಪ್ಪತ್ತು ವರ್ಷದ ನಂತರ ಹಣ ಬೇಕಾಗಿರುವ ನಿಧಿ ಇಪ್ಪತ್ತು ವರ್ಷದಲ್ಲಿ ಹಣ ಮರಳಿಸುವ ರಸ್ತೆಗೆ ಸಾಲ ಕೊಟ್ಟರೆ ಇಬ್ಬರಿಗೂ ನಿದ್ದೆ ಬರುತ್ತದೆ. ನಮ್ಮಲ್ಲಿ ಮೂರು ವರ್ಷದ ಠೇವಣಿ ಸಂಗ್ರಹಿಸಿದ ಬ್ಯಾಂಕು ಹದಿನೈದು ವರ್ಷದ ಹೆದ್ದಾರಿ ಸಾಲ ಕೊಟ್ಟಿತು. ಇದನ್ನು ಯಾರದೋ ದುರಾಸೆ ಎಂದು ತಳ್ಳಿಹಾಕಲಾಗದು. ದೀರ್ಘಾವಧಿಯ ಬಾಂಡ್ ಮಾರುಕಟ್ಟೆ ಇಲ್ಲದ ದೇಶದಲ್ಲಿ ಬೇರೆ ದಾರಿಯೇ ಇರಲಿಲ್ಲ.

ನಮ್ಮ ರಾಷ್ಟ್ರೀಯ ಹೆದ್ದಾರಿಗಳ ಮಾದರಿ ಒಪ್ಪಂದದ ಒಂದು ಷರತ್ತು ನಿಮ್ಮ ಪ್ರಬಂಧಕ್ಕೆ ಉಪಯೋಗವಾದೀತು. ಕಂಪನಿಯ ತಪ್ಪಿನಿಂದಲೇ ಗುತ್ತಿಗೆ ರದ್ದಾದರೂ, ವಿಮೆಯಿಂದ ಬರುವುದನ್ನು ಕಳೆದು, ಬಾಕಿ ಸಾಲದ ಶೇ 90ರಷ್ಟನ್ನು ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರ ಕೊಡಬೇಕು ಎಂದು ಅದರಲ್ಲಿದೆ. ಸಾಲದಾತನಿಗೆ ಧೈರ್ಯ ಬರಲಿ ಎಂಬುದು ಅದರ ಉದ್ದೇಶ. ಧೈರ್ಯ ಬಂದದ್ದೂ ನಿಜ, ಆದರೆ ಅದರ ಜೊತೆಗೆ ಅಲಕ್ಷ್ಯವೂ ಬಂತು. ನಾನೇ ಕಂಡ ಒಂದು ಕಡತದಲ್ಲಿ ಏಳು ದಿನಗಳ ವಾಹನ ಎಣಿಕೆ ನಡೆದ ವಾರದಲ್ಲೇ ಪಕ್ಕದ ಜಿಲ್ಲಾ ರಸ್ತೆಯ ಸೇತುವೆ ದುರಸ್ತಿಗಾಗಿ ಮುಚ್ಚಿತ್ತು. ಅತ್ತಲಿನ ಲಾರಿಗಳೆಲ್ಲ ನಮ್ಮ ರಸ್ತೆಗೆ ತಿರುಗಿದ್ದವು. ಎಣಿಕೆಯ ಹಾಳೆಯಲ್ಲಿ ರಾತ್ರಿ ಹನ್ನೊಂದರಿಂದ ಬೆಳಗಿನ ನಾಲ್ಕರವರೆಗಿನ ಅಂಕಣದಲ್ಲಿ ಮೂರು ಆಕ್ಸಲ್‌ನ ಲಾರಿಗಳ ಸಂಖ್ಯೆ ಬಸ್ಸುಗಳ ಹಲವು ಪಟ್ಟು ಇತ್ತು. ನಾನು ಟಿಪ್ಪಣಿ ಬರೆದೆ. ‘ಹೇಗಿದ್ದರೂ ಶೇ 90 ಸುರಕ್ಷಿತವಲ್ಲವೇ’ ಎಂಬ ಷರಾದೊಂದಿಗೆ ಕಡತ ಮುಂದಕ್ಕೆ ಹೋಯಿತು. ಆ ಸಾಲ ಮುಂದೆ ವಸೂಲಾಗದ ಸಾಲಗಳ ಪಟ್ಟಿಗೆ ಸೇರಿದ್ದನ್ನು ನೋಡಿ ಇಂದಿಗೂ ನನಗೆ ನೋವಾಗುತ್ತದೆ, ಏಕೆಂದರೆ ಆ ರಸ್ತೆ ನಿಜಕ್ಕೂ ಬೇಕಾಗಿದ್ದ ರಸ್ತೆಯೇ.

ಉತ್ತರ 2 (ವಕೀಲ, ಬೆಂಗಳೂರು)

ಬ್ಯಾಂಕಿನ ಹಿರಿಯರು ‘ತೀರ್ಮಾನಿಸುವವರು ಯಾರು’ ಎಂದು ಕೇಳಿದ್ದಾರೆ. ನಾನು ಆ ಎಳೆಯನ್ನೇ ಹಿಡಿದು ಮುಂದುವರಿಸುತ್ತೇನೆ.

ಮೂವತ್ತು ವರ್ಷ ಮುಂದೆ ಏನಾಗುತ್ತದೆ ಎಂಬುದನ್ನು ಯಾವ ಒಪ್ಪಂದವೂ ಪೂರ್ತಿ ಬರೆದಿಡಲಾರದು. ಬರೆಯದೆ ಉಳಿದ ಜಾಗವನ್ನು ಬೇರೆ ಬೇರೆ ದೇಶಗಳು ಬೇರೆ ಬೇರೆ ರೀತಿಯಲ್ಲಿ ತುಂಬುತ್ತವೆ. ಫ್ರಾನ್ಸ್‌ನ ಉದಾಹರಣೆ ನನಗೆ ತುಂಬ ಇಷ್ಟ. ಮೊದಲ ಮಹಾಯುದ್ಧದಲ್ಲಿ ಗಣಿ ಪ್ರದೇಶಗಳು ಜರ್ಮನ್ ಸೇನೆಯ ವಶವಾಗಿ, ಸಮುದ್ರ ಸಾಗಣೆಯೂ ಕಷ್ಟವಾಗಿ, ಕಲ್ಲಿದ್ದಲಿನ ಬೆಲೆ ಯಾರೂ ಊಹಿಸದಷ್ಟು ಏರಿತು. ಬೋರ್ಡೊ ನಗರಕ್ಕೆ ಅನಿಲ ಮತ್ತು ದೀಪದ ಸೇವೆ ಒದಗಿಸುತ್ತಿದ್ದ ಕಂಪನಿ ಹಳೆಯ ದರದಲ್ಲಿ ಕೊಡಲಾರೆ ಎಂದಿತು, ನಗರಸಭೆ ಒಪ್ಪಂದದಂತೆ ಕೊಡಲೇಬೇಕು ಎಂದಿತು. ಅಲ್ಲಿನ ಅತ್ಯುನ್ನತ ಆಡಳಿತ ನ್ಯಾಯಾಲಯ 1916ರಲ್ಲಿ ಕೊಟ್ಟ ತೀರ್ಪಿನ ಸಾರ ಇಷ್ಟು: ಸೇವೆ ಒಂದು ದಿನವೂ ನಿಲ್ಲಕೂಡದು, ಆದರೆ ಮುಂಗಾಣಲಾಗದ ಕಾರಣದಿಂದ ಬಂದ ಹೆಚ್ಚುವರಿ ಹೊರೆಯ ಒಂದು ಪಾಲನ್ನು ಸರ್ಕಾರಿ ಪಕ್ಷವೂ ಹೊರಬೇಕು. ಫ್ರೆಂಚ್ ಆಡಳಿತ ಕಾನೂನಿನಲ್ಲಿ ಸರ್ಕಾರ ಸಾರ್ವಜನಿಕ ಹಿತಕ್ಕಾಗಿ ಒಪ್ಪಂದವನ್ನು ಏಕಪಕ್ಷೀಯವಾಗಿ ಬದಲಿಸಬಹುದು. ಹಾಗೆ ಬದಲಿಸಿದಾಗ ಕಂಪನಿಯ ಆರ್ಥಿಕ ಸಮತೋಲನವನ್ನು ಸರಿದೂಗಿಸಿಕೊಡಲೇಬೇಕು.

ಇಂಗ್ಲೆಂಡಿನ ದಾರಿ ಇದಕ್ಕೆ ತದ್ವಿರುದ್ಧ. ಅಲ್ಲಿನ ನ್ಯಾಯಾಲಯ ಒಪ್ಪಂದದಲ್ಲಿ ಬರೆದಿಲ್ಲದ್ದನ್ನು ತುಂಬಿಕೊಡುವುದಿಲ್ಲ. ಆದ್ದರಿಂದ 1992ರಲ್ಲಿ ಅವರು ಖಾಸಗಿ ಹಣಕಾಸಿನ ನೀತಿ (ಆಸ್ಪತ್ರೆಯಂಥವನ್ನು ಖಾಸಗಿಯವರು ಕಟ್ಟಿ ನೋಡಿಕೊಳ್ಳುವುದು, ಸರ್ಕಾರ ವರ್ಷವರ್ಷ ಹಣ ಕೊಡುವುದು) ಆರಂಭಿಸಿದ ಮೇಲೆ ಆಸ್ಪತ್ರೆಯ ದೀಪ ಬದಲಿಸುವುದರಿಂದ ಹಿಡಿದು ಎಲ್ಲವನ್ನೂ ಒಪ್ಪಂದದಲ್ಲೇ ಬರೆಯುವ ರೂಢಿ ಬಂತು, ಒಪ್ಪಂದಗಳು ಸಂಪುಟಗಳಷ್ಟು ದಪ್ಪವಾದವು. ಹಣ ಹಾಕುವವರಿಗೆ ಅದು ಭದ್ರತೆ. ಆದರೆ ಆಸ್ಪತ್ರೆಗೆ ಬೇಕಿಲ್ಲದ ಕಟ್ಟಡಕ್ಕೂ ದಶಕಗಟ್ಟಲೆ ಹಣ ಕೊಡಲೇಬೇಕಾದಾಗ ಜನರ ಸಹನೆ ಮುಗಿಯಿತು. ಏಳುನೂರಕ್ಕೂ ಹೆಚ್ಚು ಯೋಜನೆಗಳ ನಂತರ, 2018ರ ಬಜೆಟ್‌ನಲ್ಲಿ, ಈ ಮಾದರಿಯ ಹೊಸ ಒಪ್ಪಂದಗಳು ಇನ್ನಿಲ್ಲ ಎಂದು ಸರ್ಕಾರ ಘೋಷಿಸಿತು.

ಈಗ ನಮ್ಮ ದೇಶಕ್ಕೆ ಬರೋಣ. ದೆಹಲಿ ವಿಮಾನ ನಿಲ್ದಾಣದ ಮೆಟ್ರೊ ಮಾರ್ಗ 2011ರ ಫೆಬ್ರುವರಿಯಲ್ಲಿ ಆರಂಭವಾಯಿತು. 2012ರಲ್ಲಿ ರಚನೆಯ ದೋಷಗಳ ಕಾರಣಕ್ಕೆ ಸಂಚಾರ ನಿಂತು, ಅದನ್ನು ನಡೆಸುತ್ತಿದ್ದ ಖಾಸಗಿ ಕಂಪನಿಯು ಒಪ್ಪಂದ ರದ್ದುಗೊಳಿಸುವ ನೋಟಿಸ್ ಕೊಟ್ಟಿತು. 2017ರಲ್ಲಿ ಮಧ್ಯಸ್ಥಿಕೆ ನ್ಯಾಯಮಂಡಳಿ ಕಂಪನಿಯ ಪರವಾಗಿ ತೀರ್ಪು ನೀಡಿತು. 2018ರಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ ಅದನ್ನು ಎತ್ತಿಹಿಡಿಯಿತು, 2019ರಲ್ಲಿ ವಿಭಾಗೀಯ ಪೀಠ ತಳ್ಳಿಹಾಕಿತು, 2021ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಕಂಪನಿಯ ಪರ ನಿಂತಿತು, 2024ರ ಏಪ್ರಿಲ್‌ನಲ್ಲಿ ಅದೇ ಸುಪ್ರೀಂ ಕೋರ್ಟ್ ಪರಿಹಾರಾತ್ಮಕ ಅರ್ಜಿಯಲ್ಲಿ (ಅಂತಿಮ ತೀರ್ಪಿನ ಮೇಲೂ ಕೊನೆಯ ಅವಕಾಶವಾಗಿ ಸಲ್ಲಿಸುವ ಕ್ಯುರೇಟಿವ್ ಅರ್ಜಿ) ತನ್ನ ಹಿಂದಿನ ತೀರ್ಪನ್ನು ಬದಿಗೆ ಸರಿಸಿತು. ಕೊನೆಯ ತೀರ್ಪು ಸರಿಯೋ ತಪ್ಪೋ ಎಂಬ ಚರ್ಚೆಯನ್ನು ನಾನು ಇಲ್ಲಿ ಎತ್ತುವುದಿಲ್ಲ. ಸಾವಿರಾರು ಕೋಟಿ ರೂಪಾಯಿ ಕಂಪನಿಯದೋ ಅಲ್ಲವೋ ಎಂಬುದು ಹನ್ನೆರಡು ವರ್ಷ ಯಾರಿಗೂ ತಿಳಿದಿರಲಿಲ್ಲ ಎಂಬುದನ್ನು ಮಾತ್ರ ಗಮನಿಸಿ. ಮುಂದಿನ ಟೆಂಡರ್‌ಗೆ ಬರುವ ಹೂಡಿಕೆದಾರ ಈ ಹನ್ನೆರಡು ವರ್ಷದ ಬಡ್ಡಿಯನ್ನು ತನ್ನ ಬಿಡ್‌ನಲ್ಲಿ ಸೇರಿಸುತ್ತಾನೆ, ಅದನ್ನು ಕೊನೆಗೆ ಕೊಡುವವರು ಪ್ರಯಾಣಿಕರು.

ಚಿಲಿಯಲ್ಲೂ ಒಪ್ಪಂದಗಳ ಮರುಸಂಧಾನಗಳು ಹೇರಳವಾಗಿಯೇ ನಡೆದವು. ಟೆಂಡರ್ ಇಲ್ಲದೆ, ಸಚಿವಾಲಯ ಮತ್ತು ಕಂಪನಿಯ ನಡುವೆಯೇ, ಹೆಚ್ಚುವರಿ ಕಾಮಗಾರಿಗಳ ಹೆಸರಿನಲ್ಲಿ. ಅದನ್ನು ಮರೆತು ಆ ದೇಶವನ್ನು ಹೊಗಳುವುದು ಸರಿಯಲ್ಲ. ಆದರೆ ಅವರು 2010ರಲ್ಲಿ ಕಾನೂನು ತಿದ್ದಿ, ಕಾನೂನು, ಎಂಜಿನಿಯರಿಂಗ್ ಮತ್ತು ಹಣಕಾಸು ಬಲ್ಲವರ ಸ್ವತಂತ್ರ ತಾಂತ್ರಿಕ ಸಮಿತಿಯನ್ನು ನೇಮಿಸಿದರು. ವಿವಾದ ನ್ಯಾಯಾಲಯ ಮುಟ್ಟುವ ಮೊದಲೇ ಆ ಸಮಿತಿ ತನ್ನ ಅಭಿಪ್ರಾಯವನ್ನು ಬರಹದಲ್ಲಿ, ಎಲ್ಲರಿಗೂ ಕಾಣುವಂತೆ ಕೊಡುತ್ತದೆ.

ಉತ್ತರ 3 (ಸಿವಿಲ್ ಎಂಜಿನಿಯರ್, ಸೋಲ್)

ನಾನು ಕೆಲಸದ ನಿಮಿತ್ತ ದಕ್ಷಿಣ ಕೊರಿಯಾದಲ್ಲಿದ್ದೇನೆ. ಇಲ್ಲಿನ ಅನುಭವ ಮೇಲಿನ ಎರಡೂ ಉತ್ತರಗಳಿಗೆ ಸ್ವಲ್ಪ ತೊಡಕು ತರುತ್ತದೆ, ಆದ್ದರಿಂದ ಬರೆಯುತ್ತಿದ್ದೇನೆ.

ಏಷ್ಯಾದ ಹಣಕಾಸು ಬಿಕ್ಕಟ್ಟಿನ ನಂತರ ಕೊರಿಯಾ ತನ್ನ 1994ರ ಕಾನೂನನ್ನು ಪುನಃ ಬರೆದು, ಹೂಡಿಕೆದಾರರಿಗೆ ಕನಿಷ್ಠ ಆದಾಯದ ಖಾತರಿ ಕೊಟ್ಟಿತು. ಅಂದಾಜು ಮಾಡಿದ ಆದಾಯದ ಶೇ 90ರವರೆಗೆ ಕಡಿಮೆ ಬಿದ್ದುದನ್ನು ಸರ್ಕಾರ ತುಂಬಿಕೊಡುತ್ತಿತ್ತು. ಹಣ ಹೊಳೆಯಾಗಿ ಹರಿಯಿತು. ಇಂಚಿಯಾನ್ ವಿಮಾನ ನಿಲ್ದಾಣದ ರೈಲು 2007ರಲ್ಲಿ ಓಡಲಾರಂಭಿಸಿದಾಗ ಬಂದ ಪ್ರಯಾಣಿಕರು ಅಂದಾಜಿನ ಸುಮಾರು ಶೇ 7 ಮಾತ್ರ. ಉಳಿದದ್ದಕ್ಕೆ ಖಜಾನೆಯಿಂದ ಕೊಡುತ್ತಾ ಹೋಗಬೇಕಾಗಿ, 2009ರಲ್ಲಿ ಸರ್ಕಾರಿ ರೈಲ್ವೆಯೇ ಅದನ್ನು ಕೊಂಡುಕೊಂಡಿತು. ಅದೇ ವರ್ಷ ಖಾತರಿಯ ಪದ್ಧತಿಯನ್ನೂ ಸಂಪೂರ್ಣ ಕೈಬಿಟ್ಟರು. ಅಂದರೆ, ಖಾತರಿ ಕೊಟ್ಟರೆ ಬಂಡವಾಳ ಬರುವುದು ನಿಶ್ಚಯ, ಆದರೆ ಅದು ಒಳ್ಳೆಯ ಯೋಜನೆಗೂ ಕೆಟ್ಟ ಯೋಜನೆಗೂ ಒಂದೇ ಸಮನೆ ಬರುತ್ತದೆ.

ನನಗೆ ಹೆಚ್ಚು ಕಲಿಸಿದ್ದು ಸೋಲ್ ಮೆಟ್ರೊದ 9ನೇ ಮಾರ್ಗ. 2012ರ ಏಪ್ರಿಲ್‌ನಲ್ಲಿ ಖಾಸಗಿ ನಿರ್ವಾಹಕರು ಟಿಕೆಟ್ ದರವನ್ನು 1,050 ವೊನ್‌ನಿಂದ 1,550ಕ್ಕೆ ಏರಿಸುವುದಾಗಿ ನಿಲ್ದಾಣಗಳಲ್ಲಿ ಪ್ರಕಟಣೆ ಅಂಟಿಸಿದರು. ನಗರಾಡಳಿತ ಒಪ್ಪಲಿಲ್ಲ, ಜನರ ಸಿಟ್ಟು ಬೀದಿಗೆ ಬಂತು. ಮುಂದಿನ ವರ್ಷ ಆರಂಭದ ಹೂಡಿಕೆದಾರರು ಹೊರಹೋದರು, ದೇಶೀಯ ವಿಮಾ ಕಂಪನಿಗಳು ಬಂದವು, ದರ ನಿಗದಿಯ ಅಧಿಕಾರ ನಗರಕ್ಕೆ ಮರಳಿತು, ಸಾಮಾನ್ಯ ನಾಗರಿಕರೂ ಹಣ ಹಾಕಬಹುದಾದ ನಿಧಿಯೊಂದನ್ನು ತೆರೆದರು. ಹೊಸ ಹೂಡಿಕೆದಾರರು ಒಪ್ಪಿದ ಪ್ರತಿಫಲ ಶೇ 5ಕ್ಕಿಂತ ಕಡಿಮೆ. ಲಾಭದ ದರ ಅಷ್ಟು ಇಳಿದರೂ ಹಣ ಸಿಕ್ಕಿತು, ಏಕೆಂದರೆ ಪ್ರಯಾಣಿಕರ ಸಂಖ್ಯೆಯ ಅಪಾಯವನ್ನು ಅವರ ತಲೆಯಿಂದ ಇಳಿಸಿದ್ದರು ಮತ್ತು ಹಣ ಕೊಡಬೇಕಾದ ನಗರಾಡಳಿತ ಸಮಯಕ್ಕೆ ಸರಿಯಾಗಿ ಕೊಡುತ್ತದೆ ಎಂಬ ನಂಬಿಕೆ ಇತ್ತು.

ಪ್ರಶ್ನೆ ಕೇಳಿದ ವಿದ್ಯಾರ್ಥಿನಿ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಇದನ್ನೆಲ್ಲ ಓದಿದ ಮೇಲೆ ಹೊಸ ಗೊಂದಲವೊಂದು ಹುಟ್ಟಿದೆ. ಮೈಸೂರಿನ ಸರ್ ಹೇಳಿದಂತೆ ಅವಧಿಯೇ ತಾನಾಗಿ ಹಿಗ್ಗುವ ಚಿಲಿಯ ಮಾದರಿ ಅಷ್ಟು ಚೆನ್ನಾಗಿದ್ದರೆ ನಾವು ಅದನ್ನು ಏಕೆ ತರಲಿಲ್ಲ? ವಕೀಲರಿಗೆ ಇನ್ನೊಂದು ಪ್ರಶ್ನೆ: ಹೂಡಿಕೆದಾರನಿಗೆ ಕೊಡುವ ಭದ್ರತೆ ಜನರ ಕೈ ಕಟ್ಟಿಹಾಕುವಷ್ಟು ಬಿಗಿಯಾದರೆ, ಅದನ್ನೂ ‘ಉತ್ತಮ ಸಂಸ್ಥೆ’ ಎನ್ನಬಹುದೇ?

ನಿವೃತ್ತ ಬ್ಯಾಂಕ್ ಅಧಿಕಾರಿ, ಮೈಸೂರು

ನಮ್ಮಲ್ಲಿ ಅದರ ಒಂದು ಅರ್ಧ ರೂಪ ಇದೆ. ಮಾದರಿ ಒಪ್ಪಂದದಲ್ಲಿ ಗೊತ್ತುಪಡಿಸಿದ ದಿನದಂದು ವಾಹನ ಸಂಖ್ಯೆ ನಿರೀಕ್ಷೆಗಿಂತ ಕಡಿಮೆಯಿದ್ದರೆ, ಪ್ರತಿ ಶೇ 1ರ ಕೊರತೆಗೆ ಅವಧಿಯನ್ನು ಶೇ 1.5ರಷ್ಟು ವಿಸ್ತರಿಸುವ ಷರತ್ತಿದೆ, ಆದರೆ ಒಟ್ಟು ವಿಸ್ತರಣೆ ಶೇ 20 ಮೀರುವಂತಿಲ್ಲ. ಆ ದಿನ ಬರುವುದು ಹತ್ತು ವರ್ಷದ ಆಚೀಚೆ. ಸಾಲದ ಕಂತು ತಪ್ಪುವುದು ಮೂರನೆಯ, ನಾಲ್ಕನೆಯ ವರ್ಷದಲ್ಲಿ. ಇಪ್ಪತ್ತು ವರ್ಷ ಕಳೆದು ಬರುವ ಹೆಚ್ಚುವರಿ ಅವಧಿಯನ್ನು ತೋರಿಸಿ ಇಂದಿನ ಕಂತು ಕಟ್ಟಲಾಗದು. ಚಿಲಿಯಲ್ಲಿ ಅವಧಿ ಹಿಗ್ಗಿದಾಗ ಸಾಲವನ್ನೂ ಹಿಗ್ಗಿಸಿಕೊಡಬಲ್ಲ ದೀರ್ಘಾವಧಿಯ ಬಾಂಡ್‌ದಾರರು ಇದ್ದರು, ನಮ್ಮಲ್ಲಿ ಇರಲಿಲ್ಲ. ಆದ್ದರಿಂದಲೇ ನಾವು 2016ರಲ್ಲಿ ಬೇರೆ ದಾರಿ ಹಿಡಿದು, ನಿರ್ಮಾಣದ ಕಾಲದಲ್ಲೇ ವೆಚ್ಚದ ಶೇ 40ನ್ನು ಸರ್ಕಾರ ಕೊಟ್ಟು, ಉಳಿದುದನ್ನು ಹದಿನೈದು ವರ್ಷ ಕಂತುಗಳಲ್ಲಿ ಕೊಡುವ ಮಿಶ್ರ ವರ್ಷಾಶನ ಪದ್ಧತಿ ತಂದೆವು. ಟೋಲ್ ವಸೂಲಿ, ಅದರ ಅಪಾಯ ಎರಡೂ ಪ್ರಾಧಿಕಾರದವು.

ಇನ್ನೊಂದನ್ನೂ ನೋಡಿ. 2018ರಲ್ಲಿ ಆಗಲೇ ಓಡುತ್ತಿದ್ದ ಒಂಬತ್ತು ಹೆದ್ದಾರಿಗಳ ಟೋಲ್ ಹಕ್ಕನ್ನು ಪ್ರಾಧಿಕಾರ ಮಾರಿದಾಗ ವಿದೇಶಿ ಹೂಡಿಕೆದಾರರು 9,681 ಕೋಟಿ ರೂಪಾಯಿ ಕೊಟ್ಟರು. 2021ರಲ್ಲಿ, ಓಡುತ್ತಿರುವ ಹೆದ್ದಾರಿಗಳ ಆದಾಯದಲ್ಲಿ ಪಾಲು ಕೊಳ್ಳಲು ಅವಕಾಶ ಕೊಡುವ ಪ್ರಾಧಿಕಾರದ ಹೂಡಿಕೆ ಟ್ರಸ್ಟ್‌ಗೆ ಕೆನಡಾದ ಪಿಂಚಣಿ ನಿಧಿಗಳು ಬಂದವು. ಭೂಸ್ವಾಧೀನ, ಕಾಡಿನ ಅನುಮತಿ, ನಡುವೆ ನಿಂತ ನಾಲ್ಕು ಮನೆ ಮತ್ತು ಒಂದು ಗುಡಿ, ಇವೆಲ್ಲ ಮುಗಿದು ಟೋಲ್ ಗೇಟಿನಲ್ಲಿ ವಾಹನಗಳ ಲೆಕ್ಕ ಕಣ್ಣಿಗೆ ಕಾಣುವಾಗ ಮಾತ್ರ ಆ ಹಣ ಬರುತ್ತದೆ. ಅದೇ ಹೂಡಿಕೆದಾರರು ನಮ್ಮಲ್ಲಿ ಬರಿ ನೆಲದ ಮೇಲೆ ಹೊಸ ರಸ್ತೆ ಕಟ್ಟಲು ಏಕೆ ಮುಂದೆ ಬರುವುದಿಲ್ಲ ಎಂಬ ಪ್ರಶ್ನೆಯಲ್ಲೇ ನಿಮ್ಮ ಪ್ರಬಂಧದ ಒಂದು ಅಧ್ಯಾಯವಿದೆ.

ವಕೀಲ, ಬೆಂಗಳೂರು

ನಿಮ್ಮ ಎರಡನೆಯ ಪ್ರಶ್ನೆಯನ್ನು ನಾನು ಬಹಳ ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ದೆಹಲಿ–ನೋಯ್ಡಾ ಟೋಲ್ ಸೇತುವೆಯ ಒಪ್ಪಂದದಲ್ಲಿ ಕಂಪನಿಗೆ ಶೇ 20ರ ಪ್ರತಿಫಲ ನಿಗದಿಯಾಗಿತ್ತು, ಕಡಿಮೆ ಬಿದ್ದುದೆಲ್ಲ ಯೋಜನಾ ವೆಚ್ಚಕ್ಕೇ ಸೇರುತ್ತಿತ್ತು. ಹೀಗಾಗಿ 2001ರಲ್ಲಿ ತೆರೆದ ಸೇತುವೆಯ ಬಾಕಿ ವರ್ಷವರ್ಷವೂ ಬೆಳೆಯಿತೇ ಹೊರತು ಕರಗಲಿಲ್ಲ. 2016ರಲ್ಲಿ ಅಲಹಾಬಾದ್ ಹೈಕೋರ್ಟ್ ಟೋಲ್ ನಿಲ್ಲಿಸಿತು, 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ನನ್ನ ದೃಷ್ಟಿಯಲ್ಲಿ ಅದು ನ್ಯಾಯವಾದ ತೀರ್ಪು. ಆದರೆ ಅಂಥ ಲೆಕ್ಕವನ್ನು ಸಹಿ ಹಾಕುವ ಮೊದಲೇ ತಡೆಯಬೇಕಾಗಿತ್ತು. ಕೊರಿಯಾದಲ್ಲಿ ಪ್ರತಿ ದೊಡ್ಡ ಪ್ರಸ್ತಾವವನ್ನೂ ಅಭಿವೃದ್ಧಿ ಸಂಶೋಧನಾ ಸಂಸ್ಥೆಯ ಅಡಿಯಲ್ಲಿರುವ ಪ್ರತ್ಯೇಕ ಕೇಂದ್ರ ಮೊದಲು ಪರೀಕ್ಷಿಸುತ್ತದೆ. ಯೋಜನೆ ಬೇಕೆನ್ನುವ ಇಲಾಖೆಯೇ ಅದನ್ನು ಪರೀಕ್ಷಿಸುವುದಿಲ್ಲ.

ನಮ್ಮ ಊರಿನದೇ ಒಂದು ಉದಾಹರಣೆ ಕೊಡುತ್ತೇನೆ. ಬೆಂಗಳೂರು ವಿಮಾನ ನಿಲ್ದಾಣದ 2004ರ ಒಪ್ಪಂದದಲ್ಲಿ, ಅದು ತೆರೆದ ದಿನದಿಂದ ಇಪ್ಪತ್ತೈದು ವರ್ಷ, ಅಂದರೆ 2033ರವರೆಗೆ, ಮೈಸೂರು ಮತ್ತು ಹಾಸನ ಹೊರತುಪಡಿಸಿ 150 ಕಿ.ಮೀ. ಒಳಗೆ ಬೇರೆ ಅಂತರರಾಷ್ಟ್ರೀಯ ನಿಲ್ದಾಣ ಬರಬಾರದು ಎಂಬ ಷರತ್ತಿದೆ. ದರ ನಿಗದಿ ಮಾಡುವ ನಿಯಂತ್ರಣ ಪ್ರಾಧಿಕಾರಕ್ಕೆ ಕಾನೂನು ಬಂದದ್ದು 2008ರಲ್ಲಿ. ನಿಯಂತ್ರಕರೇ ಇಲ್ಲದ ಕಾಲದಲ್ಲಿ ಹಣ ಹಾಕಿದವರು ಆ ಕೊರತೆಯನ್ನು 150 ಕಿ.ಮೀ. ಬೇಲಿಯಿಂದ ತುಂಬಿಕೊಂಡರು ಎಂದು ನಾನು ಓದುತ್ತೇನೆ. ಕ್ಯಾಲಿಫೋರ್ನಿಯಾದಲ್ಲೂ 1995ರಲ್ಲಿ ತೆರೆದ 91ನೇ ಹೆದ್ದಾರಿಯ ಖಾಸಗಿ ಟೋಲ್ ಪಥಗಳಿಗೆ ಇಂಥದೇ ಬೇಲಿ ಇತ್ತು. ಪಕ್ಕದ ಉಚಿತ ಪಥಗಳನ್ನು ಅಗಲಗೊಳಿಸಲು ದಾರಿಯೇ ಇಲ್ಲದಾದಾಗ ಆರೆಂಜ್ ಕೌಂಟಿಯ ಸಾರಿಗೆ ಪ್ರಾಧಿಕಾರ 2003ರಲ್ಲಿ 20.75 ಕೋಟಿ ಡಾಲರ್ ಕೊಟ್ಟು ಆ ಪಥಗಳನ್ನು ಖರೀದಿಸಿ ಬೇಲಿ ತೆಗೆಯಿತು.

ಆದ್ದರಿಂದ ಒಪ್ಪಂದದಲ್ಲಿ ಇಂಥ ಷರತ್ತು ಕಂಡಾಗ, ಆ ದಿನ ಆ ದೇಶದಲ್ಲಿ ಯಾವ ಸಂಸ್ಥೆ ಇರಲಿಲ್ಲ ಎಂದು ಕೇಳಿ ನೋಡಿ.

ಪ್ರಶ್ನೆ ಕೇಳಿದ ವಿದ್ಯಾರ್ಥಿನಿ

ಪ್ರಬಂಧದ ವಿಷಯವನ್ನು ಈಗ ಕಿರಿದುಗೊಳಿಸುತ್ತಿದ್ದೇನೆ. ಚಿಲಿ, ಕೊರಿಯಾ, ಭಾರತ ಮೂರನ್ನೇ ಇಟ್ಟುಕೊಂಡು, ವಾಹನಗಳ ಅಥವಾ ಪ್ರಯಾಣಿಕರ ಸಂಖ್ಯೆ ಅಂದಾಜಿಗಿಂತ ಕುಸಿದ ಮೊದಲ ಐದು ವರ್ಷಗಳಲ್ಲಿ ಯಾರು, ಯಾವ ಕಾನೂನಿನ ಅಡಿಯಲ್ಲಿ, ಎಷ್ಟು ದಿನದಲ್ಲಿ ತೀರ್ಮಾನ ಕೊಟ್ಟರು ಎಂಬುದನ್ನು ಒಂದೊಂದು ಯೋಜನೆಗೂ ಬರೆದುಕೊಳ್ಳುತ್ತೇನೆ. ದೆಹಲಿ ಮೆಟ್ರೊ ಮಾರ್ಗದ ಐದೂ ತೀರ್ಪುಗಳನ್ನು ನಿನ್ನೆ ರಾತ್ರಿ ಇಳಿಸಿಕೊಂಡು, 2017ರ ಮಧ್ಯಸ್ಥಿಕೆ ತೀರ್ಪಿನಿಂದ ಓದಲು ಆರಂಭಿಸಿದ್ದೇನೆ.